ಚೆಂಡುಹೂವಿನ ಪಾತಿಗೆ ಉದ್ಘಾಟನೆ

ಹೊಸದುರ್ಗದ ಸಂತೆ ಮೈದಾನದ ಹಿಂದಿನ ಓಣಿಯ ತಿರುವಿನಲ್ಲಿ ಒಂದು ತಿಪ್ಪೆಯಿತ್ತು. ಓಣಿಯವರೆಲ್ಲ ಯಾವ ಭೇದಭಾವವೂ ಇಲ್ಲದೆ ಸೇರಿ ಕಟ್ಟಿದ್ದ ಏಕೈಕ ಸಾರ್ವಜನಿಕ ಆಸ್ತಿ ಅದು. ಅದರ ಎದುರು ಮನೆಯ ಉಚ್ಚಂಗೆಮ್ಮ ಶಾಲೆಯ ಬಿಸಿಯೂಟದ ಅಡುಗೆ ಕೆಲಸ ಬಿಟ್ಟು ಮನೆ ಸೇರಿದ್ದಳು. ಸುಮ್ಮನೆ ಕೂತು ಅಭ್ಯಾಸವಿಲ್ಲ. ಒಂದು ಬೆಳಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಿಪ್ಪೆಗೆ ಇಳಿದಳು.

ಓಣಿ ತಕ್ಷಣ ಸ್ಪಂದಿಸಿತು. ಮಹಡಿ ಮೇಲಿನ ಪ್ರದೀಪ್ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿದ. ಪಕ್ಕದ ಮನೆಯ ಅನುಸೂಯ, "ಸಮಾಜಕ್ಕೆ ನಿಮ್ಮಂಥೋರು ಬೇಕ್ರಿ" ಎಂದು ಕಣ್ಣು ಒದ್ದೆ ಮಾಡಿಕೊಂಡು, ಕೈಯಲ್ಲಿದ್ದ ಕಸದ ಕವರನ್ನು ಆಕೆಗೆ ತೊಂದರೆಯಾಗದಂತೆ ಒಂದು ಪಕ್ಕಕ್ಕೆ ಎಸೆದು ಹೋದಳು.

ಉಚ್ಚಂಗೆಮ್ಮ ಬೇಡಿದಳು, ಬೈದಳು. ಕಡೆಗೆ ಯಾರ ಕಸವೆಂದು ಗೊತ್ತಾದರೆ ಅವರ ಬಾಗಿಲಿಗೇ ತಂದಿಟ್ಟಳು. ಆಗ ಎಲ್ಲರಿಗೂ ಶುಚಿತ್ವದ ಅರಿವು ಮೂಡಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ದಾಸವಾಳ, ಕಣಗಿಲೆ, ಚೆಂಡುಹೂ, ಕೂರಲು ಒಂದು ಕಲ್ಲುಚಪ್ಪಡಿ. ಸಂಜೆ ಮುದುಕರು ಬಂದು ಕೂತು, ದಾಸವಾಳವನ್ನು ಇನ್ನೊಂದಿಷ್ಟು ಈಚೆಗೆ ನೆಡಬೇಕಿತ್ತು ಎಂದು ಸಲಹೆ ಕೊಡತೊಡಗಿದರು.

ಅಷ್ಟು ಚೆಂದದ ಜಾಗ ಎಷ್ಟು ದಿನ ಅನಾಥವಾಗಿ ಇದ್ದೀತು? ಮುಂದಿನ ಚುನಾವಣೆಗೆ ನಿಲ್ಲಲಿದ್ದ ಚಿತ್ರಲಿಂಗಪ್ಪ ಎಂಬ ಮುಖಂಡ ಉದ್ಘಾಟಿಸಲು ಬಂದ. ಚೆಂಡುಹೂವಿನ ಪಾತಿಯಲ್ಲೇ ಗುಂಡಿ ತೋಡಿ ಫ್ಲೆಕ್ಸ್ ನಿಲ್ಲಿಸಿದರು. ಅದರಲ್ಲಿ ಕೈಮುಗಿದ ಚಿತ್ರಲಿಂಗಪ್ಪ, ಸುತ್ತ ಗೆಳೆಯರ ಬಳಗ. ಹೂವಿನ ಚಿತ್ರ ಒಂದೂ ಇರಲಿಲ್ಲ, ಜಾಗ ಸಾಲಲಿಲ್ಲ.

"ಬರ್ರಿ ಅವ್ವಾ, ಫೋಟೊಕ್ಕೆ ನಿಂತ್ಕಳ್ರಿ. ಓಣಿ ಹೆಂಗ್ ಮಾಡೀವಿ ನೋಡ್ರಿ."

"ಚೆಂದ ಐತಪ್ಪ. ನೀನು ನಿಂತಿರೋದು ನನ್ನ ಚೆಂಡುಹೂವಿನ ಮ್ಯಾಲೆ."

"ಹೌದಾ?" ಎಂದು ಆತ ಹಿಂದೆ ಸರಿದು ಕಣಗಿಲೆ ಸಸಿಯ ಮೇಲೆ ನಿಂತ. ಚಪ್ಪಾಳೆಯಾಯಿತು.

ಎಲ್ಲರೂ ಹೋದ ಮೇಲೆ ಉಚ್ಚಂಗೆಮ್ಮ ಮುರಿದ ಗಿಡಗಳ ಪಕ್ಕ ಕೂತು ಅತ್ತಳು. ಅದನ್ನು ಮಾತ್ರ ಯಾರೂ ವಿಡಿಯೊ ಮಾಡಲಿಲ್ಲ.

ಮರುದಿನ ಆಕೆ ಫ್ಲೆಕ್ಸ್ ಬಿಚ್ಚಿ, ಲೈಟು ಕಂಬಕ್ಕೂ ಪಕ್ಕದ ಕಾಂಪೌಂಡಿಗೂ ಚಪ್ಪರದಂತೆ ಅಡ್ಡಡ್ಡ ಎಳೆದು ಕಟ್ಟಿ, ಕೆಳಗೆ ಹೊಸ ಸಸಿ ನೆಟ್ಟಳು. ಮುಖಂಡನ ಕಡೆಯವರು ಓಡಿ ಬಂದರು.

"ಅಣ್ಣನ ಫ್ಲೆಕ್ಸ್ ಯಾಕ್ ಬಿಚ್ಚಿದ್ರಿ?"

"ಮಲಗ್ಸೀನಪ್ಪ, ಅಷ್ಟೇ. ಜನಕ್ಕೆ ನೆರಳಾಗ್ತೀನಿ ಅಂತ ನಿಮ್ಮಣ್ಣ ಅದ್ರಾಗೇ ಬರ್ಸಿದಾನೆ. ಸಸಿಯಿಂದ ಶುರು ಮಾಡ್ಲಿ."

ಅವರು ಫೋನ್ ಹಚ್ಚಿದರು. ಚಿತ್ರಲಿಂಗಪ್ಪ, ತನ್ನ ಮುಖ ಮೇಲ್ಗಡೆಗೆ ಕಾಣುತ್ತದೆಯೇ ಎಂದಷ್ಟೇ ವಿಚಾರಿಸಿದ. ಕಾಣುತ್ತಿತ್ತು. ಹಾಗಾದರೆ ಬಿಡಿ ಎಂದ.

ಸಸಿಗಳು ಬೇರು ಹಿಡಿದು ಹೂಬಿಟ್ಟವು. ಸುದ್ದಿ ಕೇಳಿ ಪಕ್ಕದ ಓಣಿಯವರು ಬಂದು, ತಮ್ಮಲ್ಲೂ ಇಂಥದ್ದೇ ಒಂದು ಬೇಕೆಂದು ಕೇಳಿದರು. ಉಚ್ಚಂಗೆಮ್ಮ ಖುಷಿಯಿಂದ ತನ್ನ ಸಲಿಕೆ ತಂದು ಅವರ ಕೈಗಿಟ್ಟಳು. ಆಮೇಲೆ ಅವರೂ ಬರಲಿಲ್ಲ, ಸಲಿಕೆಯೂ ಬರಲಿಲ್ಲ.