ಅನಾನಸ್ ವೈನೂ ಅಭಿಪ್ರಾಯ ಪುಸ್ತಕವೂ

ನೆಂಟರ ಮನೆಯಲ್ಲಿ ಉಪ್ಪು ಮರೆತ ಉಪ್ಪಿಟ್ಟನ್ನು ತಿನ್ನುತ್ತಿರುವಾಗ ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಗಿದೆ ಎಂದು ಕೇಳಿ, ನೀವು ‘ಬಹಳ ಚೆನ್ನಾಗಿದೆ’ ಎಂದು ಹೇಳಿ, ಆ ಒಂದು ಮಾತಿನ ತಪ್ಪಿಗೆ ಇನ್ನೊಂದು ಸೌಟು ಹಾಕಿಸಿಕೊಂಡ ಅನುಭವ ನಿಮಗಿದೆಯೇ? ಇದ್ದರೆ ನೀವು ನನ್ನ ಗೆಳೆಯರು; ಮುಂದೆ ಹೇಳುವುದನ್ನೆಲ್ಲ ಕ್ಷಮಿಸುವ ಅಧಿಕಾರ ನಿಮಗುಂಟು. ಇಲ್ಲವಾದರೆ ನೀವು ಸತ್ಯವಂತರು. ಸತ್ಯವಂತರನ್ನು ಯಾರೂ ಊಟಕ್ಕೆ ಕರೆಯುವುದಿಲ್ಲವಾದ್ದರಿಂದ ನಿಮಗೆ ಬೇಕಾದಷ್ಟು ಬಿಡುವಿರುತ್ತದೆ, ನೀವೂ ಓದಬಹುದು.

ಶಿಕಾರಿಪುರ, ಸೊರಬದ ನಮ್ಮ ಸೀಮೆಯಲ್ಲಿ ‘ಚೆನ್ನಾಗಿದೆ’ ಎಂಬುದು ಅಭಿಪ್ರಾಯವಲ್ಲ, ಕೈ ತೊಳೆದಷ್ಟೇ ಸಹಜವಾದ ಒಂದು ಆಚಾರ. ನಾವು ಸೋರುವ ಹೊಸ ಮನೆಯನ್ನು ಚೆನ್ನಾಗಿದೆ ಎನ್ನುತ್ತೇವೆ, ಅಪಸ್ವರದ ಸ್ವಾಗತಗೀತೆಯನ್ನು ಚೆನ್ನಾಗಿದೆ ಎನ್ನುತ್ತೇವೆ, ಮದುವೆಯ ಫೋಟೋದಲ್ಲಿ ಅಳುಮೋರೆ ಹಾಕಿಕೊಂಡಿರುವ ವರನನ್ನೂ ಬಿಡುವುದಿಲ್ಲ. ಇದರಿಂದ ಯಾರಿಗೂ ನಷ್ಟವಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ಮುರಿದುಬಿದ್ದದ್ದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ತಗಡಿನ ಷೆಡ್ಡಿನಲ್ಲಿ.

ಆಗ ನಾನು ಶಿರಾಳಕೊಪ್ಪದಲ್ಲಿ ಹೈಸ್ಕೂಲು ಮೇಷ್ಟ್ರು. ಕನ್ನಡ ಕಲಿಸುತ್ತಿದ್ದೆ, ಅದಕ್ಕಿಂತ ಹೆಚ್ಚಾಗಿ ಪ್ರತಿವರ್ಷ ಅಕ್ಟೋಬರ್ ಎರಡರಂದು ಮದ್ಯಪಾನದ ದುಷ್ಪರಿಣಾಮಗಳ ಮೇಲೆ ಭಾಷಣ ಮಾಡುತ್ತಿದ್ದೆ. ಆ ಭಾಷಣಕ್ಕೆ ತಾಲ್ಲೂಕಿನಲ್ಲಿ ಒಳ್ಳೆಯ ಹೆಸರಿತ್ತು. ಕುಡುಕರ ಹೆಂಡತಿಯರು ಅತ್ತುಬಿಡುತ್ತಿದ್ದರು, ಕುಡುಕರು ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು. ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮಗೆ ಮಾತ್ರ ಹೇಳುತ್ತೇನೆ: ನಾನು ಬಿ.ಎಡ್. ಓದಿದ್ದು ಬೆಳಗಾವಿಯಲ್ಲಿ, ಶಿಕ್ಷಣದ ಉಳಿದ ಅಂಗಗಳನ್ನು ಪೂರೈಸಿಕೊಂಡದ್ದು ರಜೆಯಲ್ಲಿ ಗೆಳೆಯನೊಬ್ಬನ ಗೋವಾದ ಮನೆಯಲ್ಲಿ. ಅವನ ಅಜ್ಜಿ ಮನೆಯಲ್ಲೇ ಹಣ್ಣಿನ ವೈನು ಮಾಡುತ್ತಿದ್ದಳು. ಒಳ್ಳೆಯ ವೈನು ನಾಲಿಗೆಯ ಮೇಲೆ ಹೇಗೆ ಕೂರುತ್ತದೆ, ಕೆಟ್ಟದ್ದು ಹೇಗೆ ಕುಟುಕುತ್ತದೆ ಎಂಬುದನ್ನು ಆ ತಾಯಿ ನನಗೆ ಮೂರು ರಜೆಗಳಲ್ಲಿ ಶ್ರದ್ಧೆಯಿಂದ ಕಲಿಸಿದ್ದಳು.

ಷೆಡ್ಡಿನ ಯಜಮಾನರು ಚನ್ನವೀರಪ್ಪನವರು, ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಚಹಾವನ್ನು ಕೂಡ ಚಟ ಎಂದು ಬಿಟ್ಟವರು. ಹೊಸಬಾಳೆಯ ಕಡೆಯ ರೈತರು ಬೆಳೆದ ಅನಾನಸ್ಸಿನಲ್ಲಿ ದಪ್ಪ ಹಣ್ಣುಗಳೆಲ್ಲ ಲಾರಿ ಹತ್ತಿ ಹೋದ ಮೇಲೆ ಉಳಿಯುವ ಸಣ್ಣ, ಸೊಟ್ಟ ಹಣ್ಣುಗಳು ಸಂತೆಯಲ್ಲಿ ಕೊಳೆಯುವುದನ್ನು ನೋಡಿ ಹೊಟ್ಟೆಯುರಿದು, ಎಲ್ಲೋ ತರಬೇತಿ ಪಡೆದು, ಸರ್ಕಾರದ ಪರವಾನಗಿ ತಂದು, ಈ ಹಣ್ಣಿನ ವೈನಿನ ಉದ್ಯಮಕ್ಕೆ ಕೈಹಾಕಿದ್ದರು. ಪರವಾನಗಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ದೇವರ ಪಟಗಳ ಸಾಲಿನಲ್ಲಲ್ಲ, ದೇವರಿಗೆ ಮುಜುಗರವಾಗದಿರಲೆಂದು ಬೇರೊಂದು ಗೋಡೆಗೆ. ಒಳಗೆ ಹೋಗುವವರು ಚಪ್ಪಲಿ ಬಿಡಬೇಕಿತ್ತು. ಇಷ್ಟು ಮಡಿಯಿಂದ ತಯಾರಾದ ಮದ್ಯ ಭೂಮಿಯ ಮೇಲೆ ಇನ್ನೊಂದಿರಲಾರದು.

ಮನೆಯಲ್ಲಿ ಮಾತ್ರ ದೊಡ್ಡ ರಾದ್ಧಾಂತವಾಗಿತ್ತು. ಅವರ ಅಣ್ಣ ಮೂರು ವರ್ಷದಿಂದ ಅವರೊಡನೆ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದ್ದರಂತೆ: ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಬಂದು ನೋಡುವವನಿದ್ದಾನೆ, ಅವನು ಒಪ್ಪಿದರೆ ಸರಿ, ಒಪ್ಪದಿದ್ದರೆ ಡ್ರಮ್ಮುಗಳನ್ನು ಚರಂಡಿಗೆ ಸುರಿದು ಷೆಡ್ಡಿಗೆ ಮೆಕ್ಕೆಜೋಳ ತುಂಬಿಸುವುದು. ಅಂದರೆ ಚನ್ನವೀರಪ್ಪನವರ ಮೂರು ವರ್ಷ ಒಬ್ಬ ಅಪರಿಚಿತನ ಒಂದು ಗುಟುಕಿನ ಮೇಲೆ ನಿಂತಿತ್ತು. ಅವನು ಬರುವ ಹತ್ತು ದಿನ ಮೊದಲು, ಒಂದು ಭಾನುವಾರ ಬೆಳಿಗ್ಗೆ, ಅವರು ನನ್ನನ್ನು ಕರೆಸಿದರು.

“ನೋಡ್ರಿ ಮೇಷ್ಟ್ರೆ,” ಎಂದರು, “ನಾನಂತೂ ಬಾಯಿಗೆ ಹಾಕಂಗಿಲ್ಲ, ನಿಮಗೆ ಗೊತ್ತೈತಿ. ಕುಡುಕರನ್ನ ಕೇಳಿದ್ರೆ ಏನ್ ಕೊಟ್ರೂ ಚಲೋ ಅಂತಾರ. ಕುಡೀದೋರು ಹೇಳ್ಬೇಕ್ರಿ, ಅವರದು ಖರೇ ಇರ್ತೈತಿ. ಔಷಧ ಅಂತ ತಿಳ್ಕಂಡು ಒಂದ್ ಗುಟುಕು ನೋಡ್ರಿ.”

ವೈನಿನ ಪರೀಕ್ಷೆಗೆ ಜನ್ಮದಲ್ಲಿ ವೈನು ಮುಟ್ಟದವನೇ ತಕ್ಕವನು ಎಂಬ ಈ ತರ್ಕವನ್ನು ಕೇಳಿ ನಾನು ತಲೆದೂಗಿದೆ. ಅವರು ಬಾಗಿಲ ಪಕ್ಕದಲ್ಲೇ ಅತಿಥಿಗಳಿಗೆಂದು ಇಟ್ಟ ನೀಲಿ ಡ್ರಮ್ಮಿನ ಮುಚ್ಚಳ ತೆಗೆದು, ಸ್ಟೀಲಿನ ಲೋಟಕ್ಕೆ ಹೊನ್ನಿನ ಬಣ್ಣದ ದ್ರವವನ್ನು ಬಗ್ಗಿಸಿ, ಜೊತೆಗೆ ಒಂದು ತಟ್ಟೆ ಖಾರದ ಮಂಡಕ್ಕಿ ಇಟ್ಟುಕೊಟ್ಟರು. ಲೋಟ ಮೂಗಿನ ಹತ್ತಿರ ಬರುವಷ್ಟರಲ್ಲೇ ನನಗೆ ತಿಳಿಯಿತು. ಗುಟುಕರಿಸಿದ ಮೇಲಂತೂ ಸಂಶಯವೇ ಉಳಿಯಲಿಲ್ಲ. ಅದು ವೈನಾಗಿ, ವೈನಿನ ಹಂತವನ್ನು ದಾಟಿ, ಒಳ್ಳೆಯ ವಿನೆಗರ್ ಆಗಿತ್ತು. ಕಣ್ಣಲ್ಲಿ ನೀರು ಬಂತು. ಅದರ ತಪ್ಪನ್ನು ಮಂಡಕ್ಕಿಯ ಖಾರದ ಮೇಲೆ ಹಾಕಿದೆ.

“ಹೆಂಗೈತ್ರೀ?”

ಈಗ ನನ್ನ ಕಷ್ಟವನ್ನು ವಿಚಾರಿಸಿ ನೋಡಿ. ಇದು ಹುಳಿಯಾಗಿದೆ ಎಂದರೆ, ಹುಳಿಯಾಗದ್ದು ಹೇಗಿರುತ್ತದೆ ಎಂದು ನಿಮಗೆ ಹೇಗೆ ಗೊತ್ತು ಮೇಷ್ಟ್ರೆ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಷೆಡ್ಡಿನಿಂದ ಹೊರಟು ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಇಳಿದು, ಅಂಗಡಿ ಅಂಗಡಿ ಸುತ್ತಿ, ಅಕ್ಟೋಬರ್ ಎರಡರ ಹೊತ್ತಿಗೆ ವೇದಿಕೆಯ ಮುಂದೆ ಬಂದು ಕೂರುತ್ತದೆ. ನಾನು ಹೇಳಿದೆ, “ಚೆನ್ನಾಗಿದೆ ಚನ್ನವೀರಪ್ಪನೋರೆ. ತುಂಬ ಚೆನ್ನಾಗಿದೆ.”

ಡ್ರಮ್ಮು ತೊಳೆಯುತ್ತಿದ್ದ ಹುಚ್ಚಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಷೆಡ್ಡಿನ ಮೈಮುರಿಯುವ ಕೆಲಸವೆಲ್ಲ ಅವನದೇ; ಸಂಜೆಯಾದರೆ ಸಾರಾಯಿ ಪಾಕೀಟು ಹರಿಯುವುದನ್ನು ಅವನು ಯಾರಿಂದಲೂ ಮುಚ್ಚಿಟ್ಟವನಲ್ಲ. “ಇದು ಹುಳಿ ಹತ್ತೈತ್ರಿ ಗೌಡ್ರೆ,” ಎಂದ.

“ಸುಮ್ನಿರಲೇ, ಪಾಕೀಟು ಹರಿಯೋನಿಗೆ ಇದರ ರುಚಿ ಏನ್ ತಿಳೀತೈತಿ? ಮೇಷ್ಟ್ರೇ ಚಲೋ ಅಂದಾರ,” ಎಂದರು ಚನ್ನವೀರಪ್ಪನವರು. ನಾನು ಮೃದುವಾಗಿ ನಕ್ಕೆ. ಆ ನಗುವನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಇಡೀ ತಾಲ್ಲೂಕಿನಲ್ಲಿ ವೈನಿನ ವಿಷಯ ತಿಳಿದು ಮಾತಾಡುವ ಯೋಗ್ಯತೆಯಿದ್ದವನಿಗೆ ಮರ್ಯಾದೆಯಿರಲಿಲ್ಲ, ಮರ್ಯಾದೆಯಿದ್ದವರು ತಮಗೆ ತಿಳಿದಿದೆ ಎಂದು ಹೇಳುವಂತಿರಲಿಲ್ಲ. ನಾನು ಎರಡನೆಯ ಗುಂಪಿನ ಮುಖಂಡ.

ಆಮೇಲೆ ಅಭಿಪ್ರಾಯ ಪುಸ್ತಕ ಬಂತು. ಕೆಂಪು ಬಟ್ಟೆಯ ಬೈಂಡು ಹಾಕಿಸಿದ ದಪ್ಪ ನೋಟುಬುಕ್ಕು. ನನಗಿಂತ ಮೊದಲು ಬಂದ ಗಣ್ಯರೆಲ್ಲ ಅದರಲ್ಲಿ ಬರೆದಿದ್ದರು, ಮತ್ತು ಒಬ್ಬೊಬ್ಬರೂ ಎಂಥ ಜಾಣರೆಂದರೆ, ರುಚಿ ಎಂಬ ಪದ ಒಂದು ಪುಟದಲ್ಲೂ ಇರಲಿಲ್ಲ. ಡಾಕ್ಟರು, ಅನಾನಸ್ಸಿನಲ್ಲಿ ಜೀವಸತ್ವಗಳು ಹೇರಳವಾಗಿವೆ ಎಂದು ಬರೆದಿದ್ದರು. ನಿವೃತ್ತ ಶಿರಸ್ತೇದಾರರು ಜಾಗದ ನಾಲ್ಕೂ ಕಡೆಯ ಚೆಕ್ಕುಬಂದಿ ಸ್ಪಷ್ಟವಾಗಿದೆಯೆಂದು ಮೆಚ್ಚಿದ್ದರು. ಒಬ್ಬರು ಸೀಸೆಗಳ ಸ್ವಚ್ಛತೆಯನ್ನೂ ಮತ್ತೊಬ್ಬರು ಪರಿಸರದ ಪ್ರಶಾಂತತೆಯನ್ನೂ ಕೊಂಡಾಡಿದ್ದರು. ನಾನು ಭಾಷೆಯ ಮೇಷ್ಟ್ರು, ಹಿಂದೆ ಬೀಳಲಾದೀತೇ? ‘ನಮ್ಮ ನೆಲದ ಬಿಸಿಲನ್ನೇ ಸೋಸಿ ಸೀಸೆಯಲ್ಲಿ ತುಂಬಿಟ್ಟಂತಿರುವ ಈ ಮಧುರ ಪಾನೀಯವು ನಾಡಿನ ರಸಿಕರ ನಾಲಿಗೆಯ ಮೇಲೆ ನಲಿದಾಡಲಿ’ ಎಂದು ಬರೆದು, ಕೆಳಗೆ ಅಂದವಾಗಿ ಸಹಿ ಹಾಕಿದೆ. ರುಚಿಯ ಹೊಣೆ ಹೊತ್ತವನು ಆ ಪುಸ್ತಕದಲ್ಲಿ ನಾನೊಬ್ಬನೇ. ಎರಡೂ ತಾಲ್ಲೂಕಿನ ಸಭ್ಯಸ್ಥರೆಲ್ಲ ಬಂದು, ಕುಡಿದು, ಮುಖ ಒರೆಸಿಕೊಂಡು, ಪರಿಸರವನ್ನು ಹೊಗಳಿ ಹೋಗುತ್ತಿದ್ದರೆ, ಒಬ್ಬೊಬ್ಬರಿಗೂ ಮುಚ್ಚಳ ತೆರೆದು ಬಗ್ಗಿಸಿ ಕೊಟ್ಟ ಆ ಪುಣ್ಯಾತ್ಮನಿಗೆ ಯಾವುದೂ ಗೊತ್ತಾಗಲಿಲ್ಲ. ಮೂಗಿಗೆ ಹೊಡೆಯುವುದೇ ವೈನಿನ ಗುಣವಿರಬೇಕೆಂದು ಅವರು ತಿಳಿದಿದ್ದರು.

ಹೇಳಲು ನನಗೆ ಹತ್ತು ದಿನವಿತ್ತು. ಆ ಹತ್ತು ದಿನಗಳಲ್ಲಿ ನಾನು ಎಷ್ಟೊಂದು ಉದಾತ್ತ ಕಾರಣಗಳನ್ನು ಹುಡುಕಿಕೊಂಡೆ ಎಂದರೆ, ಅಷ್ಟು ಶ್ರಮವನ್ನು ಒಂದು ಸಂಶೋಧನೆಗೆ ಹಾಕಿದ್ದರೆ ಡಾಕ್ಟರೇಟು ಬರುತ್ತಿತ್ತು. ಅವರ ಮನಸ್ಸಿಗೆ ನೋವಾಗಬಾರದು. ಹುಬ್ಬಳ್ಳಿಯವರ ರುಚಿಯೇ ಬೇರೆಯಿರಬಹುದು. ಅಷ್ಟರಲ್ಲಿ ಅದು ತಾನಾಗಿಯೇ ಸರಿಹೋಗಬಹುದು. ಒಮ್ಮೆ ಸಂತೆಯಲ್ಲಿ ಚನ್ನವೀರಪ್ಪನವರೇ ಎದುರಾದರು. ಬಾಯಿ ತೆರೆದೆ, ಈ ವರ್ಷ ಬಿಸಿಲು ಜಾಸ್ತಿ ಎಂದು ಹೇಳಿ ಮುಚ್ಚಿದೆ.

ವ್ಯಾಪಾರಿ ಬಂದ ದಿನ ಚನ್ನವೀರಪ್ಪನವರು ನನ್ನನ್ನು ಸಾಕ್ಷಿಯಂತೆ ಪಕ್ಕದಲ್ಲೇ ಕೂರಿಸಿಕೊಂಡರು. ಬಂದವನು ಸಣಕಲ ಮನುಷ್ಯ, ಮಾತು ಕಡಿಮೆ. ನೀರಿನಿಂದ ಬಾಯಿ ಮುಕ್ಕಳಿಸಿ, ಬಾಗಿಲ ಪಕ್ಕದ ಡ್ರಮ್ಮಿನಿಂದ ಕೊಟ್ಟದ್ದನ್ನು ಒಂದು ಗುಟುಕು ಬಾಯಿಗೆ ಹಾಕಿಕೊಂಡವನು ಎದ್ದು ಹೋಗಿ ಬೇಲಿಯ ಬುಡಕ್ಕೆ ಉಗುಳಿ ಬಂದ.

“ಇದನ್ನ ಯಾರೂ ಕುಡದು ನೋಡಿಲ್ಲೇನ್ರೀ? ಪೂರಾ ಹುಳಿ ಆಗೇತಿ.”

ಚನ್ನವೀರಪ್ಪನವರ ಮುಖದ ಬಣ್ಣ ಇಳಿಯಿತು. ತಡವರಿಸುತ್ತ ಕೆಂಪು ಪುಸ್ತಕವನ್ನು ಅವನ ಮುಂದೆ ಬಿಚ್ಚಿದರು. “ಇಷ್ಟ್ ಮಂದಿ ದೊಡ್ಡೋರು ಬರದಾರಲ್ರೀ.” ಅವನು ಪುಟ ಮಗುಚುತ್ತಾ ಹೋದ. “ಡಾಕ್ಟ್ರು ಹಣ್ಣಿನ ಮ್ಯಾಲೆ ಬರದಾರ, ಇವರು ಬೇಲಿ ಮ್ಯಾಲೆ ಬರದಾರ. ಕುಡಿದೀನಿ ಅಂತ ಯಾರ್ ಬರದಾರ್ರೀ?” ಚನ್ನವೀರಪ್ಪನವರು ಮುಳುಗುವವರ ಹಾಗೆ ನನ್ನ ತೋಳು ಹಿಡಿದರು. “ಇವರು ಕುಡದಾರ. ನನ್ನ ಎದುರಿಗೇ ಕುಡದಾರ. ಹೇಳ್ರಿ ಮೇಷ್ಟ್ರೆ.”

ಸೀಸೆ ತೊಳೆಯುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ಬೀದಿಯವಳು, ನಾಗಮ್ಮ. “ನಾನು ಹಾಗೆ ಸುಮ್ಮನೆ ತುಟಿಗೆ ಸೋಕಿಸಿದ್ದು ಅಷ್ಟೆ,” ಎಂದೆ. “ನನಗೇನು ತಿಳಿಯುತ್ತೆ ಇದರಲ್ಲಿ?”

ನನ್ನ ತೋಳಿನ ಮೇಲಿದ್ದ ಕೈ ಸಡಿಲವಾಯಿತು. ವ್ಯಾಪಾರಿ ಬಸ್ಸಿನ ಹೊತ್ತಾಯಿತೆಂದು ಚೀಲ ಹೆಗಲಿಗೇರಿಸಿ ರಸ್ತೆಯ ಕಡೆ ನಡೆದ. ಚನ್ನವೀರಪ್ಪನವರು ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು ನಿಂತೇ ಇದ್ದರು. ಬಯ್ಯಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹುಚ್ಚಪ್ಪ ಮುಂದೆ ಬಂದ. “ಗೌಡ್ರೆ, ಈ ಡ್ರಮ್ಮು ಬಂದೋರಿಗೆಲ್ಲ ದಿನಾ ಬಾಯಿ ಬಿಚ್ಚಿ ಬಿಚ್ಚಿ ಗಾಳಿ ಕುಡಿದು ಹಾಳಾಗೈತಿ. ಒಳಗಿನವು ಬಿಚ್ಚೇ ಇಲ್ಲಲ್ರೀ. ಅವೆಲ್ಲ ಹುಳಿ ಆಗಿರ್ಬೇಕು ಅಂತೇನೈತಿ?” ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋಗಿ, ಭದ್ರವಾಗಿ ಮುಚ್ಚಿದ್ದ ಒಂದು ಡ್ರಮ್ಮಿನ ಬಾಯಿ ಬಿಚ್ಚಿ, ಲೋಟದ ತುಂಬ ತಂದ. ಹುಳಿ ಹತ್ತಿದ ಮೇಲೆ ಬಂದ ಮೊದಲ ಅತಿಥಿಯೇ ನಿಜ ಹೇಳಿದ್ದರೆ ಈ ಡ್ರಮ್ಮು ಎಂದೋ ಹೊರಗೆ ಬಂದಿರುತ್ತಿತ್ತು ಎಂಬುದು ಆಗ ನನಗೆ ಹೊಳೆಯಿತು.

ಏನಾಯಿತೋ ಕಾಣೆ, ನಾನು ಮುಂದೆ ಹೋಗಿ ಆ ಲೋಟವನ್ನು ಅವನ ಕೈಯಿಂದ ಇಸಿದುಕೊಂಡು, ಎಲ್ಲರ ಎದುರಿಗೆ, ಗಟಗಟನೆ ಪೂರ್ತಿ ಕುಡಿದುಬಿಟ್ಟೆ. ತಂಪಾಗಿ, ನವಿರಾಗಿ, ಅನಾನಸ್ಸಿನ ಪರಿಮಳವೆಲ್ಲ ಗಂಟಲಲ್ಲಿ ಬಿಡಿಸಿಕೊಳ್ಳುತ್ತ ಅದು ಒಳಗಿಳಿಯಿತು. ಗೋವಾದ ಅಜ್ಜಿ ಎದ್ದು ಬಂದು ತಲೆ ಸವರಿದಂತಾಯಿತು.

“ಚನ್ನವೀರಪ್ಪನೋರೆ, ಇದು ಚೆನ್ನಾಗಿದೆ,” ಎಂದೆ. “ಅವತ್ತು ಸುಳ್ಳು ಹೇಳಿದೆ. ನನಗೆ ವೈನು ಗೊತ್ತು, ಕುಡಿದು ಅಭ್ಯಾಸ ಇದ್ದವನು ನಾನು. ಇದು ನಿಜವಾಗಿಯೂ ಚೆನ್ನಾಗಿದೆ.”

ಅವರು ನನ್ನನ್ನು ಒಂದು ಕ್ಷಣ ನೋಡಿದರು. “ಹೌದೇನ್ರೀ,” ಎಂದರು, ಬಹಳ ಮರ್ಯಾದೆಯಿಂದ. ನನ್ನ ಕೈಯಿಂದ ಲೋಟ ತೆಗೆದುಕೊಂಡು, ತಾವೇ ಹೋಗಿ ಮತ್ತೆ ತುಂಬಿಸಿ ತಂದು ಹುಚ್ಚಪ್ಪನ ಕೈಗಿಟ್ಟರು.

“ನೀ ಹೇಳಪ್ಪ. ಹೆಂಗೈತಿ?”

ಹುಚ್ಚಪ್ಪ ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಬೇಕಾದಷ್ಟು ಹೊತ್ತು ತೆಗೆದುಕೊಂಡು, ನುಂಗಿದ. “ಚಲೋ ಐತ್ರಿ ಗೌಡ್ರೆ.”

ಅಷ್ಟು ಸಾಕಾಯಿತು. ಚನ್ನವೀರಪ್ಪನವರು ಪಂಚೆ ಎತ್ತಿ ಕಟ್ಟಿ, ಅದೇ ಡ್ರಮ್ಮಿನಿಂದ ಒಂದು ಸೀಸೆ ತುಂಬಿಸಿಕೊಂಡು ರಸ್ತೆಯ ಕಡೆ ಓಡಿದರು. ಹಿಂದೆ ಲೋಟ ಹಿಡಿದು ಹುಚ್ಚಪ್ಪ. ಬಸ್ಸು ಆಗಲೇ ಬಂದು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ವ್ಯಾಪಾರಿಯ ಮುಂದೆ ಹುಚ್ಚಪ್ಪ ಲೋಟ ಹಿಡಿದದ್ದು, ಅವನು ಬೇಡವೆಂದು ಕೈಯಾಡಿಸಿ ಕೊನೆಗೆ ಇಸಿದುಕೊಂಡದ್ದು ಷೆಡ್ಡಿನ ಬಾಗಿಲಿನಿಂದ ಕಾಣುತ್ತಿತ್ತು. ಅವನು ಕುಡಿದ. ಉಗುಳಲಿಲ್ಲ. ಕಂಡಕ್ಟರು ಸೀಟಿ ಊದಿದ, ಬಸ್ಸು ಹೋಯಿತು. ಧೂಳು ಇಳಿದ ಮೇಲೆ ನೋಡಿದರೆ ಅವನು ರಸ್ತೆಯಲ್ಲೇ ನಿಂತಿದ್ದ, ಲೋಟವನ್ನು ಇನ್ನೊಮ್ಮೆ ಮುಂದೆ ಚಾಚಿಕೊಂಡು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನು ಉಳಿದದ್ದು ನನ್ನ ಮಾನದ ಪ್ರಶ್ನೆಯಷ್ಟೇ. ಇಂದು ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ, ನಾಳೆ ಶಾಲೆಗೆ. ಹೋಗಲಿ, ಎಂದು ಗಟ್ಟಿ ಮನಸ್ಸು ಮಾಡಿ ನಾಗಮ್ಮನ ಕಡೆ ತಿರುಗಿ, “ನೋಡಿದೆಯಲ್ಲ ತಾಯಿ, ನಾನು ಕುಡಿಯೋನು,” ಎಂದೆ.

ನಾಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಸುಮ್ನಿರ್ರಿ ಮೇಷ್ಟ್ರೆ. ಗೌಡ್ರ ಮನಸ್ಸಿಗೆ ನೋವಾಗಬಾರ್ದು ಅಂತ ಕಣ್ಣು ಮುಚ್ಚಿ ಕುಡಿದ್ರಿ. ಅಷ್ಟೂ ನಮಗೆ ತಿಳಿಯಂಗಿಲ್ವ?”

ನಾನು ಇನ್ನೊಮ್ಮೆ ಹೇಳಿದೆ, ಗೋವಾದ ಹೆಸರನ್ನೂ ಹೇಳಿದೆ. ಉಳಿದ ಹೆಂಗಸರೂ ನಕ್ಕರು. ದೊಡ್ಡ ಮನಸ್ಸು ಎಂದು ಒಬ್ಬಳು ಕೈಮುಗಿದಳು. ಆ ಅಕ್ಟೋಬರಿನಲ್ಲಿ ಭಾಷಣಕ್ಕೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು.