ನಂಜುಂಡನ್‌ನ ಸೀಮೆಸುಣ್ಣದ ಪುಡಿ

ಊರಿಗೆಲ್ಲ ಹತ್ತಿಪ್ಪತ್ತು ಮೋಟಾರ್ ಸೈಕಲ್ ಇದ್ದ ಆ ಕಾಲದಲ್ಲಿ, ಉಕ್ಕಡಂ ಕೆರೆಯ ಬಳಿ ಅವನ್ನು ರಿಪೇರಿ ಮಾಡುತ್ತಿದ್ದ ನಂಜುಂಡನ್‌ಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಎಣ್ಣೆ ಸೋರುವ ಗಾಡಿ ಬಂದರೆ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಮದುವಣಗಿತ್ತಿಯಂತೆ ತೊಳೆದು ಒರೆಸಿ, ಮೇಲೆಲ್ಲ ಸೀಮೆಸುಣ್ಣದ ಪುಡಿ ಉದುರಿಸಿ, ಚಾಲೂ ಮಾಡಿ, ಪುಡಿ ಎಲ್ಲಿ ಕಪ್ಪಾದರೆ ಅಲ್ಲೇ ಸೋರಿಕೆ ಎಂದು ನೋಡುತ್ತ ಎದುರಿಗೆ ಕುಕ್ಕರಗಾಲಲ್ಲಿ ಕೂತುಬಿಡುವನು. ಹೆಂಡತಿ ಜಾನಮ್ಮ ಊಟಕ್ಕೆ ಕರೆದರೆ, "ಇರು, ಅದು ಮಾತಾಡ್ತಾ ಅದೆ" ಎನ್ನುವನು. ಅನ್ನವೂ ಆರಿ, ಜಾನಮ್ಮನ ಕೋಪವೂ ಆರಿದ ಮೇಲೆ ಏಳುವನು. ವೆಳ್ಳಕೋಯಿಲ್‌ನ ಡಾಕ್ಟರ್ ಸೋಮಸುಂದರಂ ಅವರ ಹಳೆಯ ಗಾಡಿಗೆ ಬೇರೆ ಮೂರು ಕಡೆ ರಿಪೇರಿಯವರು ಎಂಜಿನ್ನಿನ ಸಂದುಗಳಿಗೆ ಹಾಕುವ ಪ್ಯಾಕಿಂಗ್ ಬದಲಿಸಿದರೂ ಎಣ್ಣೆ ಸೋರುವುದು ನಿಂತಿರಲಿಲ್ಲ. "ನಿನ್ ಕೈಲೂ ಆಗ್ಲಿಲ್ಲಾಂದ್ರೆ ಹೆರಿಗೆ ಕೇಸಿಗೂ ಎತ್ತಿನ ಗಾಡೀನೇ, ನಂಜುಂಡಾ" ಎಂದರು. ನಂಜುಂಡನ್ ತೊಳೆದು ಉದುರಿಸಿದ ಪುಡಿ ನಾಲ್ಕು ಕಡೆ ಒಟ್ಟಿಗೇ ಕಪ್ಪಾಯಿತು. ಅವನು ನಕ್ಕ. "ಪ್ಯಾಕಿಂಗ್ ಸರಿಯಾಗೇ ಅದೆ ಸಾಮಿ. ಒಳಗೆ ಮೂಚ್ಚು ಕಟ್ಟಿ, ಉಸಿರು ಹೊರಗೋಗ್ದೆ ಎಣ್ಣೇನ ತಳ್ತಾ ಅದೆ." ಎಂಜಿನ್ ಉಸಿರು ಬಿಡುವ ಸಣ್ಣ ಕೊಳವೆಯೊಳಗೆ ಕಡಜವೊಂದು ಮಣ್ಣಿನ ಗೂಡು ಕಟ್ಟಿತ್ತು. ತಂತಿಯಿಂದ ಕೆರೆದು, ತೊಳೆದು, ಹೊಸದಾಗಿ ಪುಡಿ ಉದುರಿಸಿದ. ಅರ್ಧ ಗಂಟೆ ಓಡಿದರೂ ಪುಡಿ ಬೆಳ್ಳಗೇ ಉಳಿಯಿತು. ಹಿಗ್ಗಿದ ಡಾಕ್ಟರು, "ಹತ್ತಯ್ಯಾ, ಕೆರೆ ಒಂದ್ ಸುತ್ತು ಹೋಗ್ಬರೋಣ" ಎಂದಾಗ ನಂಜುಂಡನ್ ಹಿಂದೆ ಸರಿದ. ಅಷ್ಟು ಗಾಡಿಗಳನ್ನು ಓಡುವಂತೆ ಮಾಡಿದವನು ಒಂದರ ಮೇಲೂ ಕೂತವನಲ್ಲ ಎಂದು ಬೀದಿಗೆ ತಿಳಿದದ್ದೇ ಆಗ. ಬೀದಿಯವರೆಲ್ಲ ಕೂಗಾಡಿ ಹತ್ತಿಸಿದರು. ಹೆಗಲ ಟವೆಲ್ ಬಾವುಟದಂತೆ ಹಾರಿಸಿಕೊಂಡು ಅವನು ಸುತ್ತಿ ಬಂದಾಗ ಜಾನಮ್ಮ, "ಕೆರೆ ಹೆಂಗಿತ್ತು?" ಎಂದಳು. "ಕೆರೇನ ಯಾರು ನೋಡಿದ್ರು? ಕೆಳಗೇ ಬಗ್ಗಿ ನೋಡ್ತಿದ್ದೆ. ಒಂದ್ ತೊಟ್ಟೂ ಬೀಳ್ಲಿಲ್ಲ!"