ಬತ್ತಿಯ ಹತ್ತಿಗೆ ಬಿದ್ದ ತಿಗಣೆ

ಜನ ನನ್ನ ಹತ್ತಿರ ಹುಳ ತರುತ್ತಾರೆ. ಕಡ್ಡಿಪೆಟ್ಟಿಗೆಯಲ್ಲಿ, ಗುಟ್ಕಾ ಚೀಟಿಯಲ್ಲಿ, ಒಮ್ಮೆ ಒಬ್ಬರು ಕನ್ನಡಕದ ಡಬ್ಬಿಯಲ್ಲೇ ಹಾಕಿಕೊಂಡು ಬಂದಿದ್ದರು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಮೊಬೈಲಿನಲ್ಲಿ ಫೋಟೋ ಕಳಿಸುತ್ತಾರೆ. ಎಷ್ಟೋ ಫೋಟೋಗಳಲ್ಲಿ ಹುಳ ಇರುವುದಿಲ್ಲ, ಹೆಬ್ಬೆರಳು ಮಾತ್ರ ಇರುತ್ತದೆ. ಇಂಡಿಯಲ್ಲಿ ಕೂತು ಬೆಳೆಯ ಕೀಟ ಗುರುತಿಸಿ ಹೇಳುವುದು ನನ್ನ ನೌಕರಿ. ಗಂಡ ತೀರಿಕೊಂಡು ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಕೆಲಸಕ್ಕೆ ಹೋದೆ. ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ. ಭೂತಗನ್ನಡಿಯ ಕೆಳಗಿನ ಹುಳವಂತೂ 'ಹೆಂಗದೀರಿ' ಎಂದು ಕೇಳುತ್ತಿರಲಿಲ್ಲ.

ನನಗೆ ಅಳು ಬಂದಿರಲಿಲ್ಲ. ಅವರು ತೀರಿಕೊಂಡ ಸೊಲ್ಲಾಪುರದ ದವಾಖಾನೆಯಲ್ಲೂ ಬರಲಿಲ್ಲ, ಅವರನ್ನು ಮನೆಗೆ ತಂದಾಗಲೂ ಬರಲಿಲ್ಲ. ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಬಸ್ಸು ಹತ್ತುತ್ತಿದ್ದೆ. ಮೈಮೇಲೆ ದಪ್ಪನೆಯ ಕೌದಿ ಹೊದ್ದುಕೊಂಡು ತಿರುಗಾಡಿದಂತಿತ್ತು.

ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಮಗ ಹಾಸಿಗೆ ಹಿಡಿದಾಗ ಅತ್ತೆ ಲಕ್ಷಬತ್ತಿಯ ಹರಕೆ ಹೊತ್ತಿದ್ದರು. ಸ್ವಂತ ಹೊಲದ ಹತ್ತಿಯಿಂದ ಲಕ್ಷ ಬತ್ತಿ ಕೈಯಾರೆ ಹೊಸೆದು, ಕಾರ್ತಿಕದಲ್ಲಿ ದೇವರ ಮುಂದೆ ಹಚ್ಚಬೇಕು. ಮಗ ಉಳಿಯಲಿಲ್ಲ. ಅತ್ತೆ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಇದ್ದ ಹತ್ತಿ ಮುಗಿದಾಗ, ಝಳಕಿ ರಸ್ತೆಯ ನಮ್ಮ ಹೊಲದಲ್ಲಿ ತೊಗರಿಯ ಪಕ್ಕ ನಾಲ್ಕು ಸಾಲು ಜವಾರಿ ಹತ್ತಿ ಹಾಕಿಸಿದರು. ಇನ್ನು ಯಾರ ಸಲುವಾಗಿ ಈ ಹರಕೆ ಎಂದು ಕೇಳಬೇಕು ಅನ್ನಿಸಿತು. ಕೇಳುವಷ್ಟು ಜೀವ ಇರಲಿಲ್ಲ.

ಗಿಡ ಮೊಗ್ಗು ಹಿಡಿಯಿತು. ಹಿಡಿದ ಮೊಗ್ಗು ಉದುರತೊಡಗಿತು. ಅತ್ತೆ ಸೆರಗಿನಲ್ಲಿ ಉದುರಿದ ಮೊಗ್ಗು ತುಂಬಿಕೊಂಡು ಬಂದು ನನ್ನ ಮುಂದೆ ಸುರಿದರು.

"ಊರ ಮಂದಿ ಹುಳಾ ಎಲ್ಲಾ ನೋಡ್ತಿ. ಮನಿ ಹತ್ತಿ ನೋಡೂದಿಲ್ಲೇನ? ಇಷ್ಟೂ ಉದುರಿದ್ರ ನನ್ನ ಬತ್ತಿ ಗತಿ ಏನ?"

"ಔಷಧ ಹೊಡಸೋಣ್ರಿ ಅತ್ಯಾ."

"ಅಯ್ಯ, ವಿಷಾ ಕುಡದ ಹತ್ತಿ ದೇವರ ಮುಂದ ಹಚ್ಚಲ್ಯಾ? ಒಂದು ಹನಿ ಬೀಳಬಾರದು ಅದರ ಮ್ಯಾಲೆ."

ಮರುದಿನ ಬೆಳಿಗ್ಗೆ ಬಿಳಿ ಪಿಂಗಾಣಿ ತಾಟು ತೆಗೆದುಕೊಂಡು ಇಬ್ಬರೂ ಹೊಲಕ್ಕೆ ಹೋದೆವು. ಗಿಡದ ತುದಿಯ ಕೆಳಗೆ ತಾಟು ಹಿಡಿದು ಟೊಂಗೆ ತಟ್ಟಿದರೆ ಹುಳ ಉದುರುತ್ತವೆ. ಎರಡು ಥರದ ತಿಗಣೆ ಬಿದ್ದವು, ಹಾಸಿಗೆಯವಲ್ಲ, ಗಿಡದ ಮೇಲಿನವು. ಎರಡೂ ಎಳ್ಳಿಗಿಂತ ತುಸು ದೊಡ್ಡವು, ಬರಿಗಣ್ಣಿಗೆ ಹೆಚ್ಚುಕಡಿಮೆ ಒಂದೇ. ಭೂತಗನ್ನಡಿಯ ಗಾಜು ಹಿಡಿದರೆ ಬೇರೆ. ಒಂದು ತೆಳುಹಸಿರು, ಮೀಸೆ ಉದ್ದ, ರೆಕ್ಕೆಯ ತುದಿಯ ಹತ್ತಿರ ಬೆಣೆಯ ಆಕಾರದ ಪುಟ್ಟ ತುಂಡು. ಅಲ್ಲಿಂದ ರೆಕ್ಕೆ ಕೆಳಗೆ ಬಾಗಿರುತ್ತದೆ. ಮೊಗ್ಗಿನ ರಸ ಹೀರುವುದು ಇದೇ. ಇನ್ನೊಂದರ ತಲೆ ಅಗಲ, ಕಣ್ಣು ಎರಡೂ ಬದಿಗೆ ಹೊರಗೆ ಬಂದಿರುತ್ತವೆ, ಬೆಣೆ ಇರುವುದಿಲ್ಲ. ಇದು ಗಿಡದ ಮೇಲಿನ ಬೇರೆ ಹುಳಗಳನ್ನು ತಿಂದು ಬದುಕುತ್ತದೆ. ಔಷಧ ಹೊಡೆದಿದ್ದರೆ ಇದೂ ಸಾಯುತ್ತಿತ್ತು.

"ಹಸರುದನ್ನ ಸಾಬಾಣದ ನೀರಾಗ ಹಾಕ್ರಿ. ಕಣ್ಣು ದೊಡ್ಡದಿದ್ದದ್ದು ಬಿಡ್ರಿ" ಎಂದೆ.

ಅಂದಿನಿಂದ ಅದೇ ನಮ್ಮ ಬೆಳಗಾಯಿತು. ನಾನು ತಟ್ಟುವುದು, ಅತ್ತೆ ಗಾಜು ಹಿಡಿದು ಆರಿಸುವುದು. ಮೊದಮೊದಲು ಎಲ್ಲವನ್ನೂ ನೀರಿಗೇ ಹಾಕುತ್ತಿದ್ದರು. ಆಮೇಲೆ ಕಣ್ಣು ದೊಡ್ಡದಿದ್ದದ್ದು ಸಿಕ್ಕರೆ "ನೀ ಹೋಗಪಾ, ಉಣ್ಣ ಹೋಗು" ಎಂದು ಎಲೆಯ ಮೇಲೆ ಬಿಡುತ್ತಿದ್ದರು. ನನ್ನನ್ನು ನಗಿಸಲೆಂದೇ ಹಾಗೆ ಮಾಡುತ್ತಿದ್ದರೋ ಏನೋ. ನಾನು ನಗಲಿಲ್ಲ. ಮೊಗ್ಗು ಉದುರುವುದು ಕಡಿಮೆಯಾಯಿತು. ದೀಪಾವಳಿ ಸುಮಾರಿಗೆ ಕಾಯಿ ಒಡೆದವು.

ಮೊದಲ ಹತ್ತಿ ಬಿಡಿಸಿದ ದಿನ ಅತ್ತೆ ಅಲ್ಲೇ ಬದುವಿನ ಮೇಲೆ ಕೂತು ಬೀಜ ತೆಗೆದು, ಬೆರಳಿಗೆ ಚಿಟಿಕೆ ವಿಭೂತಿ ಹಚ್ಚಿಕೊಂಡು ಹೊಸೆಯತೊಡಗಿದರು. ಅಂದು ಮಾತು ಹೇಗೋ ಬಾಯಿಂದ ಬಂತು.

"ಇನ್ನ ಯಾರ ಸಲುವಾಗಿ ಅತ್ಯಾ ಇದು? ಅವರ ಸಲುವಾಗಿ ಬೇಡಿಕೊಂಡದ್ದು ಆಗ್ಲಿಲ್ಲಲ್ಲ."

ಅವರು ತಲೆ ಎತ್ತಲಿಲ್ಲ. "ಅವನ ಹರಕಿ ಅವನ ಜೋಡೀನs ಹೋತು. ಇದು ನಿಂದು."

"ನಂದೇನು?"

"ನನ್ನ ಸೊಸಿ ಒಮ್ಮೆ ಅಳಲಿ ಅಂತ ಬೇಡಿಕೊಂಡೀನಿ. ಹಿಂಗs ಗಾಜ ಹಿಡದು ಕೂತs ಇವಳೂ ಹೋಗ್ತಾಳ ಅಂತ ಅಂಜಿಕಿ ಬಂದೈತಿ ನನಗ."

ಎಲ್ಲಿತ್ತೋ ಅಷ್ಟು ಸಿಟ್ಟು! ಕೈಯಲ್ಲಿದ್ದ ತಾಟನ್ನು ಬೀಸಿ ಒಗೆದೆ. ಅದು ತೊಗರಿಯೊಳಗೆ ಹೋಗಿ ಬಿತ್ತು.

"ಯಾರು ಕೇಳಿದ್ರು ನಿಮಗ? ನನ್ನ ಅಳೂಗೂ ಹರಕಿ ಹೊರತೀರೇನು? ಒಂದು ಮಾತ ಹೇಳೂದಿಲ್ಲ, ಕೇಳೂದಿಲ್ಲ! ನಿಮ್ಮ ಮಗನೂ ಹಿಂಗs. ನಾಳೆ ಮನಿಗೆ ಹೋಗೋಣು ಅಂದಾಂವ ಒಂದು ಮಾತ ಹೇಳದs..."

ಕಪ್ಪು ಮಣ್ಣಿನ ಮೇಲೆ ಕುಸಿದು ಕೂತೆ. ಬಾಯಿಂದ ಬಂದ ದನಿ ನನ್ನದೇ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ರಸ್ತೆಯ ಮೇಲೆ ಹೋಗುತ್ತಿದ್ದ ಟಂಟಂ ರಿಕ್ಷಾ ನಿಂತಿತು, ಒಳಗಿದ್ದವರು ನೋಡಿದ ಮೇಲೆ ಮುಂದೆ ಹೋಯಿತು.

ಮಗ ತೀರಿಕೊಂಡಾಗಲೂ ನಿಲ್ಲಿಸದ ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.